ಓಡುವ ಯಂತ್ರ, ನಿಲ್ಲುವ ಸಾಲು

ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ತೋಟಗಳಲ್ಲಿ ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಡಬ್ಬಿ ಕೂತಿರುವುದನ್ನು ನೋಡಿರುತ್ತೀರಿ. ಅದರೊಳಗೆ ಒಂದು ಸಿಮ್ ಇರುತ್ತದೆ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ರೈತರು ಮಲಗಿದಲ್ಲಿಂದಲೇ ಫೋನ್ ಮಾಡಿ ಮೋಟರ್ ಹಾಕುತ್ತಾರೆ, ನೀರು ಬಿಟ್ಟ ಮೇಲೆ ಅಲ್ಲಿಂದಲೇ ನಿಲ್ಲಿಸುತ್ತಾರೆ. ಕತ್ತಲಲ್ಲಿ ಹಾವು ಚೇಳಿಗೆ ಹೆದರಿಕೊಂಡು ಟಾರ್ಚ್ ಹಿಡಿದು ಹೋಗುವ ಕಷ್ಟ ಇದರಿಂದ ತಪ್ಪಿದೆ. ‘ಮೊಬೈಲ್ ಸ್ಟಾರ್ಟರ್’ ಎಂದು ಕರೆಯುವ ಈ ಡಬ್ಬಿಯನ್ನು ಬಿಚ್ಚಿದರೆ ಅಂಗೈ ಅಗಲದ ಒಂದು ಹಸಿರು ಬೋರ್ಡು, ಅದರ ಮೇಲೆ ನೂರಾರು ಬಿಡಿಭಾಗಗಳು. ಹೆಚ್ಚಿನವು 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ರೆಸಿಸ್ಟರು, ಕೆಪಾಸಿಟರುಗಳು. ಬೆರಳಲ್ಲಿ ಹಿಡಿಯಲು ಹೋದರೆ ಎಲ್ಲಿ ಬಿತ್ತೆಂದೇ ತಿಳಿಯುವುದಿಲ್ಲ.

ಇವನ್ನು ಎತ್ತಿ ಬೋರ್ಡಿನ ಮೇಲೆ ಇಡುವುದು ಪಿಕ್ ಅಂಡ್ ಪ್ಲೇಸ್ ಯಂತ್ರದ ಕೆಲಸ. ಸರ್ಕ್ಯೂಟ್ ಬೋರ್ಡ್ ತಯಾರಿಸುವ ಸಾಲಿನಲ್ಲಿ ಸಾಮಾನ್ಯವಾಗಿ ಇದೇ ಎಲ್ಲಕ್ಕಿಂತ ದುಬಾರಿ ಯಂತ್ರ. ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಕ್ಯಾಟಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ‘ಗಂಟೆಗೆ ಇಷ್ಟು ಸಾವಿರ’ ಎಂಬ ಅಂಕಿಯ ಮೇಲೆ. ಆ ಅಂಕಿ ಸುಳ್ಳಲ್ಲ. ಆದರೆ ಅದು ಯಂತ್ರದ ವೇಗ, ಸಾಲಿನ ವೇಗವಲ್ಲ. ಈ ಎರಡರ ನಡುವಿನ ಅಂತರ ಗೊತ್ತಿಲ್ಲದೆ ಬ್ಯಾಂಕಿನ ಸಾಲ ಮಾಡಿದರೆ ದುಡ್ಡು ಯಂತ್ರದಲ್ಲಿ ಹೂತು ಹೋಗುತ್ತದೆ, ಬೋರ್ಡು ಮಾತ್ರ ಒಂದೂ ಹೆಚ್ಚು ಬರುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಊರುಗಳಿಗೆ ಇದು ದೂರದ ಸಂಗತಿಯಲ್ಲ. ದೂರವಾಣಿ ಉಪಕರಣದ ಐಟಿಐ ಬೆಂಗಳೂರಿನಲ್ಲಿ ಶುರುವಾದದ್ದು 1948ರಲ್ಲಿ, ಜಾಲಹಳ್ಳಿಯ ಬಿಇಎಲ್ 1954ರಲ್ಲಿ. ಕಿಯೋನಿಕ್ಸ್ ಸಂಸ್ಥೆಯೂ ಆರ್.ಕೆ. ಬಾಳಿಗರೂ ಕನಸು ಕಂಡು ಕಟ್ಟಿದ ಎಲೆಕ್ಟ್ರಾನಿಕ್ಸ್ ಸಿಟಿ ನಗರದ ದಕ್ಷಿಣಕ್ಕೆ ಬಂತು. ಈಗ ಆ ಉದ್ಯಮ ನಮ್ಮ ದಿಕ್ಕಿಗೆ ತಿರುಗಿದೆ. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಟ್ಟಿದ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು, ದೇವನಹಳ್ಳಿ–ದೊಡ್ಡಬಳ್ಳಾಪುರದ ನಡುವೆ ಫಾಕ್ಸ್‌ಕಾನ್ ಎದ್ದು ನಿಂತಿದೆ. ಮೊಬೈಲಿನಂಥ ಸಾಧನಗಳಿಗೆ ಬೇಕಾದ ಬಿಡಿಭಾಗಗಳನ್ನು ಇಲ್ಲೇ ತಯಾರಿಸಲಿ ಎಂದು ಕೇಂದ್ರ ಸರ್ಕಾರ 2025ರಲ್ಲಿ ₹22,919 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಕಂಪನಿಗಳ ಸುತ್ತ ಜಾಬ್‌ವರ್ಕ್ ಮಾಡುವ ಸಣ್ಣ ಘಟಕಗಳು ಹುಟ್ಟಿಕೊಳ್ಳುವುದು ಈ ಉದ್ಯಮದ ರೀತಿ. ಅಂಥ ಘಟಕ ತೆರೆಯುವವರನ್ನು, ಅದರಲ್ಲಿ ಕೆಲಸಕ್ಕೆ ಸೇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸಾಲಿನ ಮೊದಲಲ್ಲಿ ಪ್ರಿಂಟರ್ ಇರುತ್ತದೆ. ತೆಳುವಾದ ಸ್ಟೀಲ್ ಸ್ಟೆನ್ಸಿಲ್ಲನ್ನು ಬೋರ್ಡಿನ ಮೇಲಿಟ್ಟು, ಬೂದು ಬಣ್ಣದ ಸಾಲ್ಡರ್ ಪೇಸ್ಟನ್ನು ಬ್ಲೇಡಿನಿಂದ ಸವರುತ್ತಾರೆ. ಬಿಡಿಭಾಗಗಳ ಕಾಲು ಕೂರಬೇಕಾದ ಜಾಗದಲ್ಲಿ ಮಾತ್ರ ಪೇಸ್ಟು ಉಳಿಯುತ್ತದೆ. ಅಲ್ಲಿಂದ ಬೋರ್ಡು ಕನ್ವೇಯರ್ ಮೇಲೆ ಜಾರಿ ಪಿಕ್ ಅಂಡ್ ಪ್ಲೇಸ್ ಯಂತ್ರಗಳಿಗೆ ಬರುತ್ತದೆ. ಎಲ್ಲ ಇಟ್ಟಾದ ಮೇಲೆ ರಿಫ್ಲೋ ಓವನ್. ಸೀಸವಿಲ್ಲದ ಸಾಲ್ಡರ್ ಸುಮಾರು 217 ಡಿಗ್ರಿಯಲ್ಲಿ ಕರಗುತ್ತದೆ, ಓವನ್ನಿನಲ್ಲಿ ಬೋರ್ಡು 240 ಡಿಗ್ರಿಯ ಆಚೀಚೆ ಮುಟ್ಟಿ ತಣ್ಣಗಾಗುತ್ತದೆ. ಕೊನೆಗೆ ಕ್ಯಾಮೆರಾದ ತಪಾಸಣೆ.

ಇಡುವ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಿಡಿಭಾಗಗಳು ಬರುವುದು ರೀಲುಗಳಲ್ಲಿ. 8 ಮಿಲಿಮೀಟರ್ ಅಗಲದ ಟೇಪು, ಅದರಲ್ಲಿ ಪುಟ್ಟ ಗುಳಿಗಳು, ಒಂದೊಂದು ಗುಳಿಯಲ್ಲೂ ಒಂದು ರೆಸಿಸ್ಟರ್, ಮೇಲೆ ತೆಳು ಮುಚ್ಚಳದ ಟೇಪು. 1 ಮಿಲಿಮೀಟರ್ ಉದ್ದದ ರೆಸಿಸ್ಟರಾದರೆ ಒಂದು ರೀಲಿನಲ್ಲಿ 10,000 ಇರುತ್ತವೆ. ರೀಲನ್ನು ಫೀಡರಿಗೆ ಸಿಕ್ಕಿಸಿ, ಫೀಡರನ್ನು ಯಂತ್ರದ ಮುಂದಿನ ಅಂಚಿನ ಸ್ಲಾಟಿಗೆ ತಳ್ಳುತ್ತಾರೆ. ಫೀಡರ್ ಟೇಪನ್ನು ಒಂದೊಂದು ಹಲ್ಲು ಮುಂದಕ್ಕೆ ಸರಿಸಿ, ಮೇಲಿನ ಟೇಪನ್ನು ಸುಲಿದು, ಗುಳಿಯನ್ನು ತೆರೆದಿಡುತ್ತದೆ. ಮೇಲಿನಿಂದ ಯಂತ್ರದ ತಲೆ ಬರುತ್ತದೆ, ಅದರಲ್ಲಿ ಸಾಲಾಗಿ ನಾಜಲ್‌ಗಳು. ನಾಜಲ್ ಇಳಿದು, ಗಾಳಿ ಎಳೆದು, ಬಿಡಿಭಾಗವನ್ನು ತುದಿಗೆ ಅಂಟಿಸಿಕೊಂಡು ಏಳುತ್ತದೆ. ಕ್ಯಾಮೆರಾ ಅದು ಎಷ್ಟು ಸೊಟ್ಟಗಿದೆ, ಎಷ್ಟು ಪಕ್ಕಕ್ಕಿದೆ ಎಂದು ಅಳೆಯುತ್ತದೆ, ತಲೆ ಬೋರ್ಡಿನ ಕಡೆ ಓಡುತ್ತಿರುವಾಗಲೇ ನಾಜಲ್ ತಿರುಗಿ ಸೊಟ್ಟ ಸರಿಪಡಿಸಿಕೊಳ್ಳುತ್ತದೆ. ಬೋರ್ಡಿನ ಮೂಲೆಯಲ್ಲಿರುವ ತಾಮ್ರದ ಗುರುತುಗಳನ್ನು ಮೊದಲೇ ನೋಡಿಕೊಂಡಿರುವುದರಿಂದ ಇಡಬೇಕಾದ ಜಾಗ ಅದಕ್ಕೆ ಗೊತ್ತು. ಇಟ್ಟು, ಗಾಳಿ ಬಿಟ್ಟು, ಮುಂದಿನದಕ್ಕೆ ಹೊರಡುತ್ತದೆ. ಪೇಸ್ಟಿನ ಅಂಟು ಬಿಡಿಭಾಗವನ್ನು ಓವನ್ ತಲುಪುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಮುಗಿಯುವುದು ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ.

ಹಳೆಯ ವೇಗದ ಯಂತ್ರಗಳಲ್ಲಿ ತಲೆ ನಿಂತಲ್ಲೇ ತಿರುಗುತ್ತಿತ್ತು, ಫೀಡರುಗಳ ಸಾಲೂ ಬೋರ್ಡೂ ಓಡಾಡುತ್ತಿದ್ದವು. ವೇಗವೇನೋ ಸಿಗುತ್ತಿತ್ತು, ಆದರೆ ಬೋರ್ಡು ಜಗ್ಗಿ ಭಾರದ ಬಿಡಿಭಾಗ ಸರಿದು ಹೋಗುವ ಅಪಾಯವಿತ್ತು, ಓಡುತ್ತಿರುವ ಫೀಡರಿಗೆ ರೀಲು ಹಾಕುವಂತೆಯೂ ಇರಲಿಲ್ಲ. ಈಗಿನ ಯಂತ್ರಗಳಲ್ಲಿ ಬೋರ್ಡು, ಫೀಡರು ನಿಂತಿರುತ್ತವೆ, ತಲೆ ಮಾತ್ರ ಓಡುತ್ತದೆ. ಇವನ್ನು ತಯಾರಿಸುವ ಕಂಪನಿಗಳಲ್ಲಿ ಫೂಜಿ, ಪ್ಯಾನಸಾನಿಕ್, ಯಮಹಾ, ಜೂಕಿ ಜಪಾನಿನವು, ಹಾನ್ವಾ ಕೊರಿಯಾದ್ದು. ಸೀಮೆನ್ಸ್ ಕಟ್ಟಿದ ಸಿಪ್ಲೇಸ್ 2011ರಲ್ಲಿ ಎಎಸ್‌ಎಂ ಕಂಪನಿಯ ಕೈಗೆ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ಮೊಬೈಲ್ ಸ್ಟಾರ್ಟರಿನ ಬೋರ್ಡಿನಲ್ಲಿ 160 ಬಿಡಿಭಾಗ ಇವೆ ಎಂದಿಟ್ಟುಕೊಳ್ಳಿ. 140 ಚಿಪ್‌ಗಳು, ಅಂದರೆ ಸಣ್ಣ ರೆಸಿಸ್ಟರು, ಕೆಪಾಸಿಟರು. 12 ಮೂರು ಕಾಲಿನ ಟ್ರಾನ್ಸಿಸ್ಟರು, ಡಯೋಡುಗಳು. ಉಳಿದ 8 ದೊಡ್ಡವು: ಐಸಿಗಳು, ಸಿಮ್ ಸಾಕೆಟ್, ಜಿಎಸ್‌ಎಂ ಮಾಡ್ಯೂಲ್. ನಾಲ್ಕು ಬೋರ್ಡು ಸೇರಿ ಒಂದು ಪ್ಯಾನಲ್. ಘಟಕದಲ್ಲಿ ಎರಡು ಯಂತ್ರ. ಮೊದಲನೆಯದು ಚಿಪ್ ಇಡುವುದು, ಕ್ಯಾಟಲಾಗಿನ ಪ್ರಕಾರ ಗಂಟೆಗೆ 36,000, ಅಂದರೆ ಒಂದಕ್ಕೆ 0.1 ಸೆಕೆಂಡು. ತಯಾರಕರು ಅಳೆಯುವುದು ತಮಗೆ ಅನುಕೂಲವಾಗಿ ಜೋಡಿಸಿದ ಬೋರ್ಡಿನ ಮೇಲೆ. ನಿಜವಾದ ಬೋರ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಸಿಕ್ಕರೆ ಒಳ್ಳೆಯದೇ. ಹಾಗಾಗಿ 0.15 ಸೆಕೆಂಡು ಹಿಡಿಯೋಣ. ಪ್ಯಾನಲ್ಲಿಗೆ 560 ಚಿಪ್, 84 ಸೆಕೆಂಡು. ಪ್ಯಾನಲ್ ಒಳಗೆ ಬಂದು ಹೊರಗೆ ಹೋಗಲು 6 ಸೆಕೆಂಡು ಸೇರಿದರೆ 90.

ಎರಡನೆಯದು ಬಗೆಬಗೆಯ ದೊಡ್ಡ ಬಿಡಿಭಾಗಗಳನ್ನು ಇಡಬಲ್ಲ, ಆದರೆ ನಿಧಾನದ ಯಂತ್ರ. ದೊಡ್ಡದನ್ನು ಮೆಲ್ಲಗೆ ಎತ್ತಬೇಕು, ಎಲ್ಲ ಕಾಲುಗಳನ್ನೂ ಕ್ಯಾಮೆರಾ ನೋಡಬೇಕು, ನಾಜಲ್ ಬದಲಿಸಬೇಕು. ದೊಡ್ಡದಕ್ಕೆ 2.1 ಸೆಕೆಂಡಿನಂತೆ 32ಕ್ಕೆ 67.2 ಸೆಕೆಂಡು, ಮೂರು ಕಾಲಿನದಕ್ಕೆ 0.6ರಂತೆ 48ಕ್ಕೆ 28.8. ಒಳಗೆ ಹೊರಗೆ 6 ಸೇರಿ 102 ಸೆಕೆಂಡು. ಅಂದಮೇಲೆ ಸಾಲಿನಿಂದ ಒಂದು ಪ್ಯಾನಲ್ ಹೊರಬೀಳುವುದು 102 ಸೆಕೆಂಡಿಗೊಮ್ಮೆ. ಮೊದಲ ಯಂತ್ರ ಪ್ರತಿ ಸಲವೂ 12 ಸೆಕೆಂಡು ಕೈಕಟ್ಟಿ ನಿಲ್ಲುತ್ತದೆ.

ಆರ್ಡರ್ ಹೆಚ್ಚಾಯಿತು, ಮಾಲೀಕರು ಇದ್ದಬದ್ದ ದುಡ್ಡು ಸೇರಿಸಿ ಮೊದಲನೆಯದನ್ನು ಮಾರಿ ಅದರ ಎರಡರಷ್ಟು ವೇಗದ್ದನ್ನು ತಂದರು ಎನ್ನಿ. ಅದು 48 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಸಾಲಿನ ವೇಗ? ಅದೇ 102 ಸೆಕೆಂಡು. ಹೊಸ ಯಂತ್ರ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರುತ್ತದೆ.

ದುಡ್ಡು ಹಾಕದೆ ಮಾಡಬಹುದಾದ ಕೆಲಸ ಬೇರೆಯೇ ಇದೆ. ಮೂರು ಕಾಲಿನ ಟ್ರಾನ್ಸಿಸ್ಟರನ್ನು ಚಿಪ್ ಇಡುವ ಯಂತ್ರವೂ ಇಡಬಲ್ಲದು, ಅದೂ ಚಿಪ್ಪಿನಷ್ಟೇ ಬೇಗ. ಬೋರ್ಡಿಗೆ ನಾಲ್ಕರಂತೆ ಪ್ಯಾನಲ್ಲಿಗೆ 16 ಟ್ರಾನ್ಸಿಸ್ಟರುಗಳ ಫೀಡರುಗಳನ್ನು ಎರಡನೆಯದರಿಂದ ತೆಗೆದು ಮೊದಲನೆಯದಕ್ಕೆ ಹಾಕಿ. ಎರಡನೆಯದಕ್ಕೆ 9.6 ಸೆಕೆಂಡಿನ ಭಾರ ಇಳಿಯಿತು, ಮೊದಲನೆಯದಕ್ಕೆ 2.4 ಸೆಕೆಂಡು ಏರಿತು. ಈಗ ಎರಡೂ 92.4 ಸೆಕೆಂಡಿಗೆ ಬಂದು ನಿಂತವು. ಗಂಟೆಗೆ 141 ಬೋರ್ಡು ಬರುತ್ತಿದ್ದಲ್ಲಿ 155 ಬರುತ್ತವೆ. ಸಾಲಿನ ಸಮತೋಲನ ಎಂದರೆ ಇದೇ. ಹೀಗೆ ಕೆಲಸವನ್ನು ಹಂಚುವುದನ್ನು ಗಣಿತದ ಸಮಸ್ಯೆಯಾಗಿ ಮೊದಲು ಪ್ರಕಟಿಸಿದವರು ಸಾಲ್ವೆಸನ್ ಎಂಬವರು, 1955ರಲ್ಲಿ.

ಶಿಡ್ಲಘಟ್ಟದ ರೀಲರುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚರಕದಿಂದ ಕಾಟೇಜ್ ಬೇಸಿನ್, ಅಲ್ಲಿಂದ ಮಲ್ಟಿ ಎಂಡ್, ಈಗ ನಾನೂರು ಎಳೆಯ ಆಟೊಮ್ಯಾಟಿಕ್ ರೀಲಿಂಗ್ ಯಂತ್ರದವರೆಗೆ ಬಂದ ಊರು ಅದು. ಎಳೆ ತೆಳ್ಳಗಾದದ್ದನ್ನು ಯಂತ್ರವೇ ಗುರುತಿಸಿ ಹೊಸ ಗೂಡು ಸೇರಿಸುತ್ತದೆ. ಆದರೆ ಬೇಯಿಸುವ ಕಡೆಯಿಂದ ಎಳೆ ಸಿಕ್ಕ ಗೂಡು ಸಾಕಷ್ಟು ಬರದಿದ್ದರೆ ನಾನೂರು ಎಳೆಯಿದ್ದೂ ಪ್ರಯೋಜನವಿಲ್ಲ. ಹಾಗಂತ ಮುಂದಾಗಿಯೇ ರಾಶಿ ಬೇಯಿಸಿಟ್ಟರೆ ಗೂಡು ಹೆಚ್ಚು ಬೆಂದು ನೂಲು ಕೆಡುತ್ತದೆ. ಬೋರ್ಡಿನ ಸಾಲಿನಲ್ಲೂ ಹಾಗೆಯೇ: ಪ್ರಿಂಟರ್ ಬೇಗ ಇದೆಯೆಂದು ಪೇಸ್ಟು ಸವರಿದ ಬೋರ್ಡುಗಳನ್ನು ಗುಡ್ಡೆ ಹಾಕಿದರೆ ಪೇಸ್ಟು ಒಣಗುತ್ತದೆ, ಅಂಟು ಹೋಗುತ್ತದೆ, ಬೆಸುಗೆ ಸರಿಯಾಗಿ ಕೂರುವುದಿಲ್ಲ. ಮುಂದಿನ ಯಂತ್ರ ಕೇಳಿದಾಗ ಮಾತ್ರ ಹಿಂದಿನದು ಕೊಡಬೇಕು.

ಯಂತ್ರಗಳ ನಡುವೆ ಕೆಲಸ ಹಂಚಿದ್ದಾಯಿತು. ಒಂದು ಯಂತ್ರದ ಒಳಗೂ ಹಂಚಿಕೆಯಿದೆ. ಹೆಚ್ಚು ಬಾರಿ ಬೇಕಾಗುವ ರೀಲು ಕ್ಯಾಮೆರಾದ ಹತ್ತಿರದ ಸ್ಲಾಟಿನಲ್ಲಿರಬೇಕು, ಇಲ್ಲದಿದ್ದರೆ ತಲೆ ಪ್ರತಿ ಸಲ ಮೂಲೆಯಿಂದ ಮೂಲೆಗೆ ಓಡುತ್ತದೆ. ನಾಜಲ್‌ಗಳ ಅಂತರಕ್ಕೆ ಸರಿಯಾಗಿ ಫೀಡರುಗಳನ್ನು ಅಕ್ಕಪಕ್ಕ ಕೂರಿಸಿದರೆ ತಲೆ ಒಮ್ಮೆ ಇಳಿದು ನಾಲ್ಕಾರನ್ನು ಒಟ್ಟಿಗೆ ಎತ್ತುತ್ತದೆ. ಒಂದೇ ನಾಜಲ್ಲಿನ ಕೆಲಸ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. 60 ಫೀಡರುಗಳನ್ನು 60 ಸ್ಲಾಟಿನಲ್ಲಿ ಕೂರಿಸುವ ಬಗೆಗಳ ಸಂಖ್ಯೆಯನ್ನು ಬರೆದರೆ 82 ಅಂಕಿ ಬೇಕು. ಎಲ್ಲವನ್ನೂ ಪರೀಕ್ಷಿಸಲು ಯಾವ ಕಂಪ್ಯೂಟರಿಗೂ ಆಗುವುದಿಲ್ಲ. ಯಂತ್ರದ ಜೊತೆ ಬರುವ ಸಾಫ್ಟ್‌ವೇರ್ ಒಳ್ಳೆಯದೆನ್ನಬಹುದಾದ ಒಂದು ಜೋಡಣೆ ಕೊಡುತ್ತದೆ. ಅದನ್ನು ತಿದ್ದುವವರು ಲೈನಿನಲ್ಲಿ ನಿಂತ ಪ್ರೋಗ್ರಾಮರ್. ಯಾವ ಫೀಡರ್ ಪದೇಪದೇ ತಪ್ಪುತ್ತದೆ, ಯಾವ ರೀಲು ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂಬುದನ್ನು ಆ ಜೋಡಣೆ ಎಷ್ಟೋ ಸಲ ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ಆಪರೇಟರುಗಳಿಗೂ ಗೊತ್ತಿರುತ್ತದೆ. “ಅಕ್ಕಾ, ಮೂವತ್ತೆರಡನೇ ಸ್ಲಾಟು ಮುಗೀತಾ ಬಂತು, ರೀಲ್ ಕೊಡಿ” ಎಂದು ಒಬ್ಬಳು ಕೂಗಿದರೆ, ಇನ್ನೊಬ್ಬಳು ಹೊಸ ರೀಲಿನ ಬಾರ್‌ಕೋಡ್ ಓದಿಸಿ, ಹಳೆಯ ಟೇಪಿನ ಬಾಲಕ್ಕೆ ಹೊಸದರ ತಲೆಯನ್ನು ತೂತಿಗೆ ತೂತು ಕೂರಿಸಿ ಅಂಟಿಸುತ್ತಾಳೆ. ಯಂತ್ರ ನಿಲ್ಲುವುದೇ ಇಲ್ಲ. ಅಂಟಿಸಿದ್ದು ಅರ್ಧ ಮಿಲಿಮೀಟರ್ ಸರಿದರೂ ನಾಜಲ್ಲಿಗೆ ಬಿಡಿಭಾಗ ಸಿಕ್ಕುವುದಿಲ್ಲ, ಕೆಂಪು ದೀಪ ಹತ್ತುತ್ತದೆ. ಒಂದು ಶಿಫ್ಟಿನಲ್ಲಿ ಇಂಥ ನಿಲುಗಡೆಗಳನ್ನು ಕೂಡಿಸಿ ನೋಡಿದವರಿಗೆ ಆ ಕೈಗಳ ಬೆಲೆ ತಿಳಿಯುತ್ತದೆ. ಇದನ್ನು ಕೌಶಲವೆಂದು ಗುರುತಿಸಿ, ಅದಕ್ಕೆ ತಕ್ಕ ಸಂಬಳ ಕೊಡಬೇಕು. ಕೊಡದ ಕಡೆ ಜನ ನಿಲ್ಲುವುದಿಲ್ಲ. ಹೊಸಬರು ಬಂದು ಕಲಿಯುವಷ್ಟರಲ್ಲಿ ಸಮತೋಲನದಿಂದ ಗಳಿಸಿದ್ದೆಲ್ಲ ಸೋರಿಹೋಗಿರುತ್ತದೆ.

ಸಣ್ಣ ಘಟಕದವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಚೇಂಜ್‌ಓವರಿಗೆ, ಅಂದರೆ ಒಂದು ಬೋರ್ಡಿನ ಕೆಲಸ ಮುಗಿದು ಇನ್ನೊಂದರದ್ದು ಶುರುವಾಗುವ ನಡುವಿನ ಹೊತ್ತಿಗೆ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಆರ್ಡರು ಬರೀ 300 ಬೋರ್ಡಿನದು, ಅಂದರೆ 75 ಪ್ಯಾನಲ್. ಸಮತೋಲನ ಮಾಡಿ ಪ್ಯಾನಲ್ಲಿಗೆ 9.6 ಸೆಕೆಂಡು ಉಳಿಸಿದೆವಲ್ಲ, ಒಟ್ಟು ಉಳಿದದ್ದು 12 ನಿಮಿಷ. ಅದೇ ಹೊತ್ತಿಗೆ 60 ಫೀಡರುಗಳನ್ನು ಬಿಚ್ಚಿ ಬೇರೆ ರೀಲು ಹಾಕಲು ಒಂದಕ್ಕೆ ಒಂದೂವರೆ ನಿಮಿಷದಂತೆ ಒಂದೂವರೆ ಗಂಟೆ ಹೋಗುತ್ತದೆ. ಅಷ್ಟು ಹೊತ್ತೂ ಇಡೀ ಸಾಲು ಮಲಗಿರುತ್ತದೆ. ಎರಡು ಗಂಟೆಯೂ ಹಿಡಿಯದ ಕೆಲಸಕ್ಕೆ ಒಂದೂವರೆ ಗಂಟೆ ಸಿದ್ಧತೆ! ಇಲ್ಲಿ ವೇಗದ ಯಂತ್ರ ತಂದವರು ನಿಜಕ್ಕೂ ತರಬೇಕಾಗಿದ್ದದ್ದು ಇನ್ನೊಂದು ಜೊತೆ ಫೀಡರ್ ಟ್ರಾಲಿಯನ್ನು. ಸಾಲು ಓಡುತ್ತಿರುವಾಗಲೇ ಪಕ್ಕದಲ್ಲಿ ಮುಂದಿನ ಕೆಲಸದ ರೀಲುಗಳನ್ನು ಟ್ರಾಲಿಗೆ ತುಂಬಿಸಿಟ್ಟರೆ, ಬದಲಿಸುವಾಗ ಒಂದು ಟ್ರಾಲಿ ಎಳೆದು ಇನ್ನೊಂದನ್ನು ತಳ್ಳುವುದಷ್ಟೇ. 20 ನಿಮಿಷಕ್ಕೆ ಇಳಿಸಿದರೂ 70 ನಿಮಿಷ ಉಳಿಯಿತು. ಅದರ ಮುಂದೆ ಆ 12 ನಿಮಿಷ ಏನೂ ಅಲ್ಲ.

ಇನ್ನೊಂದು ದಾರಿ ಬೋರ್ಡಿನ ವಿನ್ಯಾಸದಲ್ಲೇ ಇದೆ. 10 ಕಿಲೋ ಓಮ್ ರೆಸಿಸ್ಟರು, 0.1 ಮೈಕ್ರೊಫ್ಯಾರಡ್ ಕೆಪಾಸಿಟರು ಬಹುಪಾಲು ಬೋರ್ಡುಗಳಲ್ಲಿ ಇದ್ದೇ ಇರುತ್ತವೆ. ಇಂಥ ಇಪ್ಪತ್ತೋ ಮೂವತ್ತೋ ಬಿಡಿಭಾಗಗಳಿಗೆ ಕಾಯಂ ಸ್ಲಾಟು ಕೊಟ್ಟು, ಆ ಫೀಡರುಗಳನ್ನು ಅಲುಗಿಸದೆ ಉಳಿಸಿಕೊಂಡರೆ ಬದಲಿಸುವ ಕೆಲಸ ಅರ್ಧದವರೆಗೂ ಇಳಿಯುತ್ತದೆ. ಗ್ರಾಹಕರು 9.1 ಕಿಲೋ ಓಮ್ ಬರೆದ ಕಡೆ 10 ಕಿಲೋ ಓಮ್ ಹಾಕಿದರೂ ನಡೆಯುತ್ತದೆಯೇ ಎಂದು ಕೇಳುವ ಧೈರ್ಯ ಘಟಕದ ಎಂಜಿನಿಯರಿಗೆ ಇರಬೇಕು. ಎಷ್ಟೋ ಸಲ ನಡೆಯುತ್ತದೆ.

ಹೀಗಾಗಿ ಯಾವ ಯಂತ್ರ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಿಇಎಲ್ ಬೆಂಗಳೂರಿನಲ್ಲಿ ತಯಾರಿಸುವ ಮತಯಂತ್ರವನ್ನು ತೆಗೆದುಕೊಳ್ಳಿ: ಒಂದೇ ವಿನ್ಯಾಸ, ಲಕ್ಷಗಟ್ಟಲೆ ಸಂಖ್ಯೆ. ಅಂಥ ಕೆಲಸದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿದರೂ ಲಾಭ, ವೇಗದ ಯಂತ್ರ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಇನ್ನೊಂದು ತುದಿಯಲ್ಲಿ ಗೌರಿಬಿದನೂರಿನ ಬಳಿಯ ರೇಡಿಯೊ ವೀಕ್ಷಣಾಲಯವಿದೆ. ಅಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ರೇಡಿಯೊಹೀಲಿಯೊಗ್ರಾಫ್ 1997ರಿಂದ ಸೂರ್ಯನ ಹೊರ ವಾತಾವರಣದ ರೇಡಿಯೊ ಅಲೆಗಳನ್ನು ಹಿಡಿಯುತ್ತಿದೆ. ಇಂಥ ವಿಜ್ಞಾನದ ಕೆಲಸಕ್ಕೆ ಬೇಕಾಗುವುದು ಕೈಬೆರಳೆಣಿಕೆಯ ಬೋರ್ಡುಗಳು, ಒಂದೊಂದೂ ಬೇರೆ. ಅದಕ್ಕೆ ಟೇಪಿನ ತುಂಡಿನಿಂದಲೂ ಎತ್ತಬಲ್ಲ, ಅರ್ಧ ದಿನದಲ್ಲಿ ಹೊಸ ಪ್ರೋಗ್ರಾಂ ಒಪ್ಪಿಕೊಳ್ಳುವ ನಿಧಾನದ ಯಂತ್ರವೇ ಸರಿ. ನಮ್ಮ ಜಿಲ್ಲೆಯಲ್ಲಿ ಜಾಬ್‌ವರ್ಕ್ ಘಟಕ ತೆರೆಯುವವರು ಇವೆರಡರ ನಡುವೆ ಇರುತ್ತಾರೆ: ಇವತ್ತು ಸ್ಟಾರ್ಟರ್ 300, ನಾಳೆ ಎಲ್‌ಇಡಿ ಡ್ರೈವರ್ 2,000, ನಾಡಿದ್ದು ಹಾಲಿನ ಡೇರಿಯ ತೂಕದ ಯಂತ್ರ 150.

ಅವರಿಗೆ ನನ್ನ ಸಲಹೆ, ಒಂದು ಅತಿ ವೇಗದ ಯಂತ್ರದ ಬದಲು ಮಧ್ಯಮ ವೇಗದ, ಒಂದೇ ಮಾದರಿಯ ಎರಡು ಯಂತ್ರಗಳು. ಎರಡೂ ಚಿಪ್ಪನ್ನೂ ಇಡುತ್ತವೆ, ಐಸಿಯನ್ನೂ ಇಡುತ್ತವೆ, ಆದ್ದರಿಂದ ಕೆಲಸ ಹಂಚುವುದು ಸುಲಭ. ಫೀಡರು, ನಾಜಲ್ಲು ಅದಲುಬದಲು ಮಾಡಬಹುದು. ಒಂದು ಕೆಟ್ಟರೆ ಇನ್ನೊಂದರಲ್ಲಿ ಅರ್ಧ ವೇಗದಲ್ಲಾದರೂ ಆರ್ಡರು ಮುಗಿಯುತ್ತದೆ. ಸರ್ವಿಸ್ ಎಂಜಿನಿಯರ್ ಬರುವವರೆಗೆ ಬಾಗಿಲು ಹಾಕಿ ಕೂರಬೇಕಾಗಿಲ್ಲ. ಕೊಟೇಶನ್ ನೋಡುವಾಗ ಯಂತ್ರದ ಬೆಲೆಗೆ ಮೊದಲು ಫೀಡರುಗಳ ಬೆಲೆ ನೋಡಿ. ಎಂಬತ್ತು ನೂರು ಫೀಡರು ಬೇಕಾಗುವ ಕಡೆ ಅದೇ ಒಂದು ದೊಡ್ಡ ಮೊತ್ತ. ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ತಂದು, ಅದಕ್ಕೆ ಫೀಡರು ಹುಡುಕುತ್ತಾ ವರ್ಷ ಕಳೆಯುವುದು ಬೇಡ. ಓವನ್ನಿಗೆ ತಕ್ಕ ಯುಪಿಎಸ್ ಅಥವಾ ಜನರೇಟರ್ ಇಲ್ಲದೆ ಸಾಲು ಶುರು ಮಾಡಬೇಡಿ. ಕರೆಂಟು ಹೋದರೆ ಒಳಗೆ ಸಿಕ್ಕಿಕೊಂಡ ಬೋರ್ಡುಗಳು ಅಲ್ಲೇ ಬೆಂದು ಹಾಳಾಗುತ್ತವೆ.

ಮಾರುವವರು ಡೆಮೊಗೆ ಕರೆದಾಗ ಅವರ ಬೋರ್ಡನ್ನು ನೋಡಿ ಬರಬೇಡಿ. ನಿಮ್ಮದೇ ಬೋರ್ಡು, ನಿಮ್ಮದೇ ರೀಲು, ನಿಮ್ಮದೇ ಬಿಡಿಭಾಗಗಳ ಪಟ್ಟಿ ಹಿಡಿದುಕೊಂಡು ಹೋಗಿ. ಪ್ರೋಗ್ರಾಂ ಮಾಡಲು ಎಷ್ಟು ಹೊತ್ತಾಯಿತು, ಪ್ಯಾನಲ್ಲಿಗೆ ಎಷ್ಟು ಸೆಕೆಂಡಾಯಿತು, ಎಷ್ಟು ಸಲ ಕೆಂಪು ದೀಪ ಹತ್ತಿತು ಎಂದು ಕೂತು ಬರೆದುಕೊಳ್ಳಿ. ಆಮೇಲೆ ಬೇರೆ ಬೋರ್ಡಿಗೆ ಬದಲಿಸಿ ತೋರಿಸಲು ಹೇಳಿ, ಅದಕ್ಕೂ ಗಡಿಯಾರ ಹಿಡಿಯಿರಿ.

ಈ ಗಡಿಯಾರ ಹಿಡಿಯುವ ಅಭ್ಯಾಸವನ್ನು ಓದುವ ವಯಸ್ಸಿನಲ್ಲೇ ಕಲಿಸಬಹುದು. ಚಿಂತಾಮಣಿಯ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲೋ ಚಿಕ್ಕಬಳ್ಳಾಪುರದ ಎಸ್‌ಜೆಸಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುವವರಿಗೆ ಇದಕ್ಕಾಗಿ ಕೋಟಿ ರೂಪಾಯಿಯ ಯಂತ್ರ ಬೇಕಾಗಿಲ್ಲ. ಸ್ಟಾಪ್‌ವಾಚ್ ಹಿಡಿದು ಶಿಡ್ಲಘಟ್ಟದ ರೀಲಿಂಗ್ ಘಟಕವೊಂದರಲ್ಲಿ ಅನುಮತಿ ಪಡೆದು ಒಂದು ಶಿಫ್ಟ್ ನಿಂತರೆ ಸಾಕು. ಗೂಡು ಬೇಯಿಸಲು, ಎಳೆ ಹಿಡಿಯಲು, ರೀಲಿಗೆ, ಮತ್ತೆ ಸುತ್ತಲು ಎಷ್ಟೆಷ್ಟು ಹೊತ್ತು ಹಿಡಿಯುತ್ತದೆ ಎಂದು ನಾಲ್ಕು ಕಾಲಂ ಬರೆಯಲಿ. ಯಾವ ಕಾಲಂ ದೊಡ್ಡದೋ ಅದರ ಎದುರಿಗೆ ಗುರುತು ಹಾಕಿ, ಅಲ್ಲಿಂದ ಏನನ್ನು ತೆಗೆದು ಎಲ್ಲಿಗೆ ಹಾಕಬಹುದೆಂದು ಘಟಕದ ಮಾಲೀಕರ ಜೊತೆ ಕೂತು ಮಾತಾಡಲಿ. ಮರುದಿನ ಅದನ್ನು ಮಾಡಿ ನೋಡಿ, ಮತ್ತೆ ಅಳೆಯಲಿ. ಬೋರ್ಡು ತಯಾರಿಸುವ ಸಾಲಿನ ಕೆಲಸದ ಸಂದರ್ಶನಕ್ಕೆ ಹೋಗುವಾಗ ಸರ್ಟಿಫಿಕೇಟುಗಳ ಜೊತೆ ಆ ಹಾಳೆಯೂ ಇರಲಿ.